ಅಪ್ಪನ ಕೆಂಪು ಗೀಟು ಮತ್ತು ಏರ್ ಕ್ಲೀನರಿನ ಎಣ್ಣೆ

ನಮ್ಮ ಮನೆಯಲ್ಲಿ ಚಪಾತಿಗೂ ಇನ್‌ಸ್ಪೆಕ್ಷನ್ ಆಗುತ್ತಿತ್ತು. ಅಪ್ಪ ವಿಮಾನಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಬೇರೆಯವರು ಕಡೆದು ತಂದ ಭಾಗಗಳನ್ನು ಅಳೆಯುವುದು, ಸರಿ ಇದ್ದರೆ ತಮ್ಮ ನಂಬರಿನ ಮುದ್ರೆ ಒತ್ತುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವುದು, ಇದು ಅವರ ಕೆಲಸ. ಮೂವತ್ತು ವರ್ಷದಲ್ಲಿ ತಪ್ಪು ಮಾಲು ಒಂದನ್ನೂ ಪಾಸು ಮಾಡಿಲ್ಲ ಎಂಬುದು ಅವರ ಹೆಮ್ಮೆ. ಹಬ್ಬಕ್ಕೆ ಬಂದ ನೆಂಟರಿಗೆ ಹೋಳಿಗೆಯ ಜೊತೆ ಈ ಮಾತನ್ನೂ ಬಡಿಸುತ್ತಿದ್ದೆವು. ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದ ಮೇಲೆ ಅಳೆಯಲು ಅವರಿಗೆ ವಿಮಾನದ ಭಾಗಗಳು ಸಿಗಲಿಲ್ಲ, ನಾವು ಸಿಕ್ಕೆವು.

ಅಮ್ಮನ ಚಪಾತಿ ದುಂಡಗಿಲ್ಲ. ಗೋಡೆಯ ಗಡಿಯಾರ ಓರೆ. ನನ್ನ ಮೂಗಿನ ಮೇಲೆ ಕನ್ನಡಕ ಸಮ ಕೂತಿಲ್ಲ. ನನ್ನನ್ನು ನೋಡಲು ಬಂದ ಒಬ್ಬ ಹುಡುಗನನ್ನಂತೂ ಅಪ್ಪ ಬಾಗಿಲ ಬಳಿಯೇ ರಿಜೆಕ್ಟ್ ಮಾಡಿದ್ದರು. ಪೋರ್ಟಿಕೋದಲ್ಲಿ ಚಪ್ಪಲಿ ಬಿಡುತ್ತಾ ನಿಂತಾಗ ಅವನು ಎಡಕ್ಕೆ ವಾಲುತ್ತಾನೆ, ಬೆನ್ನುಮೂಳೆಯಲ್ಲಿ ಏನೋ ದೋಷವಿದೆ ಎಂಬುದು ಕಾರಣ. ಹುಡುಗ ನನಗೂ ಅಷ್ಟೇನೂ ಹಿಡಿಸಿರಲಿಲ್ಲವಾದ್ದರಿಂದ ನಾನು ಅಪ್ಪನ ಅಳತೆಯನ್ನು ಪ್ರಶ್ನಿಸಲಿಲ್ಲ. ಅಮ್ಮ ಮಾತ್ರ ಉಪ್ಪಿಟ್ಟಿನ ತಟ್ಟೆಗಳನ್ನು ತೊಳೆಯುತ್ತಾ, "ಹುಡುಗನ್ನ ನೋಡೋಕೆ ಹೇಳಿದ್ರೆ ಕಂಬ ನೋಡ್ದಂಗೆ ನೋಡ್ತಾರೆ" ಎಂದು ಗೊಣಗಿದ್ದಳು.

ಮನೆಯೊಳಗಿನ ತೀರ್ಪುಗಳನ್ನು ಹೇಗೋ ಸಹಿಸಬಹುದಿತ್ತು. ಆದರೆ ಅಪ್ಪನ ಅಧಿಕಾರ ಮನೆಯಾಚೆಗೂ ಹಬ್ಬಿತ್ತು. ನಾವಿದ್ದ ಕಗ್ಗದಾಸಪುರದ ಬಡಾವಣೆಯಲ್ಲಿ ತೊಂಬತ್ತರ ದಶಕದ ಮೊದಲಲ್ಲಿ ಸೈಟು ಕೊಂಡವರಲ್ಲಿ ಅರ್ಧಕ್ಕರ್ಧ ಕಾರ್ಖಾನೆಯವರೇ. ಹಾಲಿನ ಬೂತಿನ ಪಕ್ಕದಲ್ಲಿ ಬಡಾವಣೆಯ ಸಂಘದ ನೋಟಿಸ್ ಬೋರ್ಡಿತ್ತು. ಅದರಲ್ಲಿ ಅಪ್ಪ ಒಂದು ಪಟ್ಟಿ ಅಂಟಿಸತೊಡಗಿದರು: ನಂಬಬಹುದಾದ ಪ್ಲಂಬರ್ ಯಾರು, ಗ್ಯಾಸ್ ಸ್ಟೌ ರಿಪೇರಿಗೆ ಯಾರು, ಸ್ಕೂಟರ್ ಯಾರ ಹತ್ತಿರ ಬಿಡಬೇಕು. ಕಾರ್ಖಾನೆಗೆ ಮಾಲು ಕೊಡುವವರದ್ದು ಅಂಥದೊಂದು ಪಟ್ಟಿ ಇರುತ್ತಿತ್ತಂತೆ. ಹೆಸರೂ ಅಲ್ಲಿಯದೇ, ‘ಅಪ್ರೂವ್ಡ್ ಲಿಸ್ಟ್’. ಯಾರಾದರೂ ಕೆಲಸ ಕೆಡಿಸಿದರೆ ಅಪ್ಪ ವಿಚಾರಣೆ ನಡೆಸಿ ಆ ಹೆಸರಿನ ಮೇಲೆ ಸ್ಕೇಲು ಇಟ್ಟು ಕೆಂಪು ಗೀಟು ಎಳೆಯುತ್ತಿದ್ದರು. ಹೆಸರನ್ನು ತೆಗೆಯುವಂತಿಲ್ಲ; ಗೀಟಿನ ಕೆಳಗೆ ಅದು ಎಲ್ಲರಿಗೂ ಓದಲು ಸಿಗಬೇಕು, ಪಕ್ಕದಲ್ಲಿ ಕಾರಣವೂ ಇರಬೇಕು. ಪ್ರತಿ ತಿಂಗಳು ಹೊಸ ಪ್ರತಿಯನ್ನು ಟೈಪ್ ಮಾಡಿ ತರುತ್ತಿದ್ದವಳು ನಾನು. ಡಿಕನ್ಸನ್ ರಸ್ತೆಯ ನನ್ನ ಆಫೀಸಿನಲ್ಲಿ ಮ್ಯಾನೇಜರ್ ಊಟಕ್ಕೆ ಎದ್ದ ಮೇಲೆ ಬಡಾವಣೆಯ ನ್ಯಾಯದಾನ ಪ್ರಿಂಟರಿನಿಂದ ಹೊರಬರುತ್ತಿತ್ತು.

ಇನ್ನು ಮನೆಯ ವಿಷಯ ಹೇಳಬೇಕು. ನಮ್ಮ ಕಡೆ ಮನೆ ಕಟ್ಟುವವರಿಗೆ ಕಳ್ಳರಿಗಿಂತ ಟಾರಿನ ಭಯ ಹೆಚ್ಚು. ಟಾರು ಹಾಕುವವರು ಹಳೆಯದನ್ನು ಅಗೆಯುವುದಿಲ್ಲ, ಅದರ ಮೇಲೇ ಹೊಸದನ್ನು ಸುರಿದು ಹೋಗುತ್ತಾರೆ. ನಾಲ್ಕು ಸಲ ಹೀಗಾದರೆ ರಸ್ತೆ ಹೊಸ್ತಿಲಿಗಿಂತ ಮೇಲಾಗಿ, ಮೊದಲ ಮಳೆಗೆ ನೀರು ದೇವರ ಕೋಣೆಗೆ ಬರುತ್ತದೆ. ಹಾಗಾಗಿ ಎಲ್ಲರೂ ಇನ್ನೂ ಬರದಿರುವ ರಸ್ತೆಗೆ ಹೊಂದುವಂತೆ ಪಾಯ ಏರಿಸುತ್ತಿದ್ದರು. ಪಕ್ಕದ ಮನೆಯವರು ಎರಡಡಿ ಏರಿಸಿದರೆ ನಾವು ಮೂರಡಿ. ಅಪ್ಪ ಮುಂದಿನ ಮೂವತ್ತು ವರ್ಷದ ಟಾರನ್ನು ಮನಸ್ಸಿನಲ್ಲೇ ಹಾಸಿ, ಅದಕ್ಕೆ ತಕ್ಕಂತೆ ಮನೆ ಎತ್ತಿಸಿದರು. ಸೈಟು ಉದ್ದವಿಲ್ಲದ ಕಾರಣ ಪೋರ್ಟಿಕೋ ಬಾಗಿಲಿನಿಂದ ಗೇಟಿನವರೆಗೂ ಒಂದೇ ಇಳಿಜಾರಾಯಿತು. ಈಶಾನ್ಯಕ್ಕೆ ಇಳಿಜಾರು ಒಳ್ಳೆಯದು ಎಂದು ವಾಸ್ತು ನೋಡುವವರು ಹೇಳಿದರು. ವಾಸ್ತುವನ್ನು ಗೇಲಿ ಮಾಡುತ್ತಿದ್ದ ಅಪ್ಪ ಆ ಒಂದು ಮಾತನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿಕೊಂಡರು.

ಮೊದಮೊದಲು ಆ ಇಳಿಜಾರು ನಮಗೆ ಕಾಲಿಗೆ ತಿಳಿಯುತ್ತಿತ್ತು. ಆಮೇಲೆ ಮರೆತೇ ಹೋಯಿತು. ಬುಟ್ಟಿಯಿಂದ ಜಾರಿದ ಟೊಮೆಟೊ ಗೇಟಿನ ಬಳಿ ಸಿಗುತ್ತಿತ್ತು, ಅಮ್ಮ ಹೋಗಿ ಹೆಕ್ಕಿ ತರುತ್ತಿದ್ದಳು. ಹೊರಗೆ ಕುರ್ಚಿ ಹಾಕಿದರೆ ಗೇಟಿನ ಕಡೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಚೂರು ಇಡುವುದು ವಾಡಿಕೆಯಾಗಿ, ಅದಕ್ಕೆಂದೇ ಎಂಟು ಚೂರುಗಳನ್ನು ತುಳಸಿಕಟ್ಟೆಯ ಹಿಂದೆ ಜೋಡಿಸಿಟ್ಟಿದ್ದೆವು. ಇಟ್ಟಿಗೆ ಯಾಕೆ ಬೇಕಾಯಿತು ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಈ ಪೋರ್ಟಿಕೋಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕಾರು ಬಂತು. ಕೆನೆ ಬಣ್ಣದ, ಉದ್ದ ಮೂತಿಯ, ಎರಡು ಕೈ ದಾಟಿ ಬಂದ ಹಳೆಯ ಗಾಡಿ. ಅಪ್ಪ ಅದನ್ನು ಮೂತಿ ಮುಂದಾಗಿ ಒಳಗೆ ಹತ್ತಿಸುತ್ತಿದ್ದರು. ನಿಲ್ಲಿಸಿದ ಮೇಲೆ ಅದು ಮಹಡಿಯ ಕಡೆ ಮುಖ ಮಾಡಿ ಯಾರನ್ನೋ ಕಾಯುತ್ತಿರುವಂತೆ ಕಾಣುತ್ತಿತ್ತು. ಹಿಂದಿನ ಚಕ್ರಕ್ಕೆ ಎರಡು ಕಲ್ಲು ಕಡ್ಡಾಯ. ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಬಿಳಿ ಬಟ್ಟೆಯ ತುಂಡು ಹಿಡಿದು ಆಯಿಲ್ ಚೆಕ್. ಇಂಜಿನ್ನಿನ ಮುಂಭಾಗದಲ್ಲಿ ಉದ್ದನೆಯ ಉಕ್ಕಿನ ಕಡ್ಡಿಯೊಂದಿರುತ್ತದೆ, ಅದರ ತುದಿಯಲ್ಲಿ ಎರಡು ಗೀಟುಗಳಿರುತ್ತವೆ. ಕಡ್ಡಿಯನ್ನು ಒರೆಸಿ, ಅದ್ದಿ, ಮತ್ತೆ ತೆಗೆದರೆ ಎಣ್ಣೆಯ ಗುರುತು ಆ ಎರಡು ಗೀಟುಗಳ ನಡುವೆ ಇರಬೇಕು. ಅಪ್ಪ ಕಡ್ಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದರು. ಪ್ರತಿ ಶನಿವಾರವೂ ಎಣ್ಣೆ ಕೆಳಗಿನ ಗೀಟಿಗೂ ಕೆಳಗೆ. ಪ್ರತಿ ಶನಿವಾರವೂ ಅಪ್ಪ ಇಂಜಿನ್ನಿಗೆ ಎಣ್ಣೆ ಸುರಿಯುತ್ತಿದ್ದರು.

ಎರಡನೆಯ ತಿಂಗಳಿಗೆ ಕಾರು ಕೆಮ್ಮತೊಡಗಿತು. ಹಳೆ ಮದ್ರಾಸ್ ರಸ್ತೆಯಲ್ಲಿ ನಾವು ಹೋದರೆ ಹಿಂದಿನ ಬಸ್ಸಿನವರು ಕಿಟಕಿ ಮುಚ್ಚುವಷ್ಟು ನೀಲಿ ಹೊಗೆ. ಒಳಗೆ ಕೂತವರಿಗೆ ಬೋಂಡಾ ಅಂಗಡಿಯ ಮುಂದೆ ನಿಂತ ಅನುಭವ. ಅಪ್ಪ ಕಾರನ್ನು ಹಲಸೂರಿನ ಮೆಕ್ಯಾನಿಕ್ ಹತ್ತಿರ ಒಯ್ದರು. ನಾನೂ ಜೊತೆಯಲ್ಲಿದ್ದೆ.

ಆ ಮೆಕ್ಯಾನಿಕ್ ಅಪ್ಪನ ಪಟ್ಟಿಯ ಮೊದಲ ಹೆಸರು. ಅಪ್ಪನದೇ ವಯಸ್ಸು, ಮನೆಮಾತು ತಮಿಳು. ಕಾರ್ಖಾನೆಯವರ ಸ್ಕೂಟರುಗಳನ್ನು ಇಪ್ಪತ್ತು ವರ್ಷದಿಂದ ನೋಡಿಕೊಂಡು ಬಂದವರು. ಬಡಾವಣೆಯವರೆಲ್ಲ ಅವರನ್ನು ಅಣ್ಣ ಎನ್ನುತ್ತಿದ್ದೆವು. ಅಪ್ಪ ಮಾತ್ರ "ಏನಪ್ಪಾ" ಎಂದು ಶುರುಮಾಡಿ ಏಕವಚನದಲ್ಲಿ ಮುಂದುವರಿಯುತ್ತಿದ್ದರು.

ಅಣ್ಣ ಮೊದಲು ಏರ್ ಕ್ಲೀನರ್ ಬಿಚ್ಚಿದರು. ಇಂಜಿನ್ ಉಸಿರೆಳೆದುಕೊಳ್ಳುವುದು ಅದರ ಮೂಲಕ: ತಗಡಿನ ದುಂಡು ಡಬ್ಬಿ, ಅದರೊಳಗೆ ನೆರಿಗೆ ನೆರಿಗೆಯ ಕಾಗದದ ಫಿಲ್ಟರ್. ಅಲ್ಲಿ ಧೂಳಿರಬೇಕಾಗಿತ್ತು. ಎಣ್ಣೆ ನಿಂತಿತ್ತು. ಫಿಲ್ಟರಿನ ಕಾಗದ ಬಜ್ಜಿ ಕಟ್ಟಿಕೊಟ್ಟ ಪೇಪರಿನಂತೆ ಒದ್ದೆಯಾಗಿತ್ತು.

"ಗಾಳಿ ಬರೋ ದಾರೀಲಿ ಎಣ್ಣೆ ಬಂದ್ಬಿಟ್ಟಿದೆ ಸಾರ್," ಎಂದರು ಅಣ್ಣ.

"ಅದು ನನಗೂ ಕಾಣ್ತಾ ಇದೆಯಪ್ಪ. ಯಾಕೆ ಬಂತು, ಅದು ಹೇಳು."

ಅಣ್ಣ ಆತುರಪಡಲಿಲ್ಲ. ಇಂಜಿನ್ನಿನ ಒಳಗಿನ ಹಬೆಯನ್ನು ಏರ್ ಕ್ಲೀನರಿಗೆ ತರುವ ರಬ್ಬರ್ ಪೈಪನ್ನು ಕಿತ್ತು ಊದಿ ನೋಡಿದರು. ಕಟ್ಟಿಕೊಂಡಿರಲಿಲ್ಲ, ಆದರೆ ಒಳಗೆಲ್ಲ ಎಣ್ಣೆ. ಪ್ಲಗ್ಗು ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ನನಗೆ ಸ್ಟಾರ್ಟರ್ ತಿರುಗಿಸಲು ಹೇಳಿದರು. ಗಾಳಿ ಹೆಬ್ಬೆರಳನ್ನು ಎತ್ತಿ ಒಗೆಯಿತು. ನಾಲ್ಕು ಸಿಲಿಂಡರಿಗೂ ಹೀಗೇ ಮಾಡಿ, "ಒಣ್ಣೂ ಇಲ್ಲ ಸಾರ್, ಇಂಜಿನ್ ಗಟ್ಟಿ ಇದೆ. ರಿಂಗ್ ಎಲ್ಲ ಚೆನ್ನಾಗಿದೆ" ಎಂದರು. ಕೊನೆಗೆ ಕಡ್ಡಿ ತೆಗೆದರು. ಎಣ್ಣೆ ಮೇಲಿನ ಗೀಟಿಗಿಂತ ಎರಡು ಬೆರಳು ಮೇಲಿತ್ತು.

"ಇಷ್ಟೊಂದು ಆಯಿಲ್ ಯಾರು ಸಾರ್ ಹಾಕಿದ್ದು?"

"ನಾನೇ. ಪ್ರತಿ ಶನಿವಾರ ಕಡ್ಡಿ ನೋಡೇ ಹಾಕ್ತೀನಿ."

ಅಣ್ಣ ಕಡ್ಡಿಯನ್ನು ಒರೆಸಿ ಮತ್ತೆ ಒಳಗಿಟ್ಟರು. "ಗಾಡಿ ಎಲ್ಲಿ ನಿಲ್ಲಿಸ್ತೀರಾ ಸಾರ್?"

ಅಪ್ಪನ ಮುಖ ಕೆಂಪಾಯಿತು. "ಎಲ್ಲಿ ಅಂದ್ರೆ? ನನ್ನ ಸ್ವಂತ ಮನೇಲಿ, ಸ್ವಂತ ಪೋರ್ಟಿಕೋದಲ್ಲಿ. ಬೀದೀಲಿ ನಿಲ್ಲಿಸೋನು ಅಂದ್ಕೊಂಡ್ಯಾ?"

"ಅದಲ್ಲ ಸಾರ್, ನೆಲ ಮಟ್ಟವಾಗಿದ್ರೆ ಮಾತ್ರ ಕಡ್ಡಿ..."

"ನೋಡಪ್ಪಾ, ಮೂವತ್ತು ವರ್ಷ ಅಳತೆ ಮಾಡಿ ಬಂದಿದ್ದೀನಿ. ಕಡ್ಡಿ ಓದೋದನ್ನ ನನಗೇ ಹೇಳ್ಕೊಡ್ತೀಯಾ?"

ನಾನು ನಕ್ಕುಬಿಟ್ಟೆ. ಅಪ್ಪನನ್ನು ಕಂಡು ನಕ್ಕದ್ದಲ್ಲ, ಅಪ್ಪನ ಪರವಾಗಿ ನಕ್ಕೆ. ಅಣ್ಣ ನನ್ನ ಕಡೆ ಒಮ್ಮೆ ನೋಡಿ, ಕೈ ಒರೆಸಿಕೊಂಡು, "ಸೆರಿ ಸಾರ್" ಎಂದು ಹೆಚ್ಚಾದ ಎಣ್ಣೆಯನ್ನು ಇಳಿಸಿ, ಡಬ್ಬಿ ತೊಳೆದು ಹೊಸ ಫಿಲ್ಟರ್ ಹಾಕಿಕೊಟ್ಟರು. ಕಾರು ನಾಲ್ಕು ದಿನ ಒಳ್ಳೆಯ ಮಗುವಿನಂತೆ ಓಡಿತು.

ಐದನೆಯ ದಿನ ಶನಿವಾರ. ಅಪ್ಪ ಕಡ್ಡಿ ತೆಗೆದವರೇ ಅಮ್ಮನನ್ನು ಕೂಗಿದರು. ಎಣ್ಣೆ ಕಡ್ಡಿಯ ತುದಿಯನ್ನೂ ಸರಿಯಾಗಿ ಮುಟ್ಟಿರಲಿಲ್ಲ. "ನೋಡು, ಲೀಟರುಗಟ್ಟಲೆ ಇಳಿಸ್ಕೊಂಡಿದ್ದಾನೆ!" ಎಂದು ಮತ್ತೆ ಸುರಿದರು. ಹತ್ತು ದಿನಕ್ಕೆ ಮತ್ತೆ ನೀಲಿ ಹೊಗೆ, ಮತ್ತೆ ಹಲಸೂರು. ಅಲ್ಲಿ ಕಡ್ಡಿ ತೆಗೆದರೆ ಮತ್ತೆ ಎರಡು ಬೆರಳು ಮೇಲೆ.

"ಮನೇಲಿ ಖಾಲಿ, ಇಲ್ಲಿ ತುಂಬಿದೆ ಅಂತೀಯ. ದಾರೀಲಿ ಇಂಜಿನ್ನೇ ಎಣ್ಣೆ ಹಿಂಡ್ಕೊಂಡು ಬಂತಾ?" ಎಂದರು ಅಪ್ಪ.

"ನಾನು ಒಂದ್ಸಲ ಮನೆಗೆ ಬಂದು ನೋಡ್ಲಾ ಸಾರ್?"

"ರೋಗಿ ಇಲ್ಲಿದ್ದಾನೆ, ಮನೇಲಿ ಏನು ನೋಡ್ತೀಯಾ?"

ಅಲ್ಲಿಗೆ ಅಣ್ಣನ ಮೇಲಿನ ಅಪ್ಪನ ನಂಬಿಕೆ ಮುಗಿಯಿತು. ಮರುದಿನ ತನಿಖಾ ಸಮಿತಿ ನೇಮಕವಾಯಿತು. ಸದಸ್ಯರು ಮೂವರು, ಮೂವರೂ ಅಪ್ಪನ ಜೊತೆಯಲ್ಲಿ ನಿವೃತ್ತರಾದವರು: ಒಬ್ಬರು ಇಂಜಿನ್ ಶಾಪಿನವರು, ಒಬ್ಬರು ಎರಕದ ವಿಭಾಗದವರು, ಇನ್ನೊಬ್ಬರು ಕಾರ್ಖಾನೆಯ ಕ್ಯಾಂಟೀನ್ ನಡೆಸಿದವರು. ಸಭೆ ನಮ್ಮ ಪೋರ್ಟಿಕೋದಲ್ಲೇ, ಕಾರಿನ ಪಕ್ಕದಲ್ಲಿ. ಅಮ್ಮ ನಾಲ್ಕು ಕುರ್ಚಿ ಹಾಕಿ, ತುಳಸಿಕಟ್ಟೆಯ ಹಿಂದಿನಿಂದ ಎಂಟು ಇಟ್ಟಿಗೆ ಚೂರು ತಂದು, ಒಂದೊಂದು ಕುರ್ಚಿಗೂ ಎರಡೆರಡು ಕೊಟ್ಟಳು. ಕಾಫಿ ಚೆಲ್ಲದಂತೆ ಕುರ್ಚಿಯನ್ನು ಸಮ ಮಾಡಿಕೊಂಡು ನಾಲ್ವರು ತಜ್ಞರೂ ಕೂತರು.

ಇಂಜಿನ್ ಶಾಪಿನವರ ಪ್ರಕಾರ ಪಿಸ್ಟನ್ ರಿಂಗ್ ಸವೆದಿದೆ. ಹೆಬ್ಬೆರಳಿನ ಪರೀಕ್ಷೆಯೆಲ್ಲ ಬೀದಿ ವಿದ್ಯೆ, ಇಂಜಿನ್ ಬಿಚ್ಚಬೇಕು. ಎರಕದವರ ಪ್ರಕಾರ ಎರಕದಲ್ಲೇ ಬಿರುಕಿದೆ. ಪ್ರಪಂಚದ ಎಲ್ಲ ತೊಂದರೆಗೂ ಅವರು ಎರಕದಲ್ಲೇ ಬಿರುಕು ಕಾಣುತ್ತಿದ್ದರು, ಮಗನ ಮದುವೆ ಮುರಿದಾಗಲೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದರು. ಕ್ಯಾಂಟೀನಿನವರು ಬೋಂಡಾ ಮುರಿಯುತ್ತಾ, "ನನಗೆ ಇಂಜಿನ್ ಗೊತ್ತಿಲ್ರಪ್ಪ. ಬಾಣಲೇಲಿ ಎಣ್ಣೆ ಜಾಸ್ತಿ ಆದ್ರೆ ಉಕ್ಕಿ ಆಚೆ ಬರುತ್ತೆ. ಅಂಥದ್ದೇನಾದ್ರೂ ಇರ್ಬೋದಾ?" ಎಂದರು. ಉಳಿದ ಮೂವರೂ ಹೊಟ್ಟೆ ಹಿಡಿದು ನಕ್ಕರು. ಅವರ ಅಭಿಪ್ರಾಯವನ್ನು ವರದಿಗೆ ಸೇರಿಸಲಿಲ್ಲ.

ವರದಿ ಎರಡು ಪುಟ ಬಂತು. ಇಂಜಿನ್ ಬಿಚ್ಚತಕ್ಕದ್ದು, ಅದಕ್ಕೆ ಇಂದಿರಾನಗರದ ಗಾಜಿನ ಬಾಗಿಲಿನ ಗ್ಯಾರೇಜಿಗೆ ಕೊಡತಕ್ಕದ್ದು. ಹಲಸೂರಿನ ಮೆಕ್ಯಾನಿಕ್ ಎಣ್ಣೆ ಕದ್ದಿರುವುದು ಅಳತೆಯಿಂದ ಸಾಬೀತಾಗಿದೆ. ಆ ತಿಂಗಳ ಪಟ್ಟಿಯಲ್ಲಿ ಮೊದಲ ಹೆಸರಿನ ಪಕ್ಕ ನಾನು ಟೈಪ್ ಮಾಡಿದೆ: ‘ಕಾರಣ: ಎಣ್ಣೆಯ ಅಳತೆಯಲ್ಲಿ ಮೋಸ.’ ಅಪ್ಪ ಸ್ಕೇಲು ಇಟ್ಟು ಗೀಟೆಳೆದರು. ಮೋಸ ಎಂಬ ಪದ ಬೇಡವೇನೋ ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಮ್ಯಾನೇಜರ್ ಊಟ ಮುಗಿಸಿ ಬರುವ ಹೊತ್ತಾಗಿತ್ತು, ಪ್ರಿಂಟ್ ಕೊಟ್ಟುಬಿಟ್ಟೆ.

ನನ್ನ ಬಸ್ಸು ದಿನವೂ ಹಲಸೂರಿನ ಆ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಮೊದಲು ಅಲ್ಲಿ ಫುಟ್‌ಪಾತ್ ಕಾಣದಷ್ಟು ಸ್ಕೂಟರುಗಳಿರುತ್ತಿದ್ದವು, ಅರ್ಧ ನಮ್ಮ ಬಡಾವಣೆಯವೇ. ವಾರ ಕಳೆದಂತೆ ಸಾಲು ಕರಗಿತು. ಆಮೇಲೆ ಮೂರು, ಆಮೇಲೆ ಒಂದು. ಅಣ್ಣ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿರುತ್ತಿದ್ದರು. ಒಂದು ದಿನ ಕಿಟಕಿಯಲ್ಲಿ ನನ್ನನ್ನು ಕಂಡು ಕೈಯೆತ್ತಿದರು. ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದೆ. ಆ ದಿನದ ನನ್ನ ಬಗ್ಗೆ ನನಗೆ ಇವತ್ತಿಗೂ ಅಸಹ್ಯವಿದೆ.

ಇಂದಿರಾನಗರದ ಗ್ಯಾರೇಜಿಗೆ ಕಾರು ಕೊಡಲು ಇನ್ನೊಂದು ವಾರವಿತ್ತು. ಆಫೀಸಿನಿಂದ ಫೈಲುಗಳ ಪೆಟ್ಟಿಗೆಗಳನ್ನು ಸಾಗಿಸಬೇಕೆಂದು ಒಂದು ಗುರುವಾರ ಕಾರನ್ನು ನಾನೇ ಒಯ್ದೆ. ಬೆಳಿಗ್ಗೆ ಅಪ್ಪ ನನ್ನ ಕಣ್ಣೆದುರಿಗೇ ಕಡ್ಡಿ ತೆಗೆದರು. ಎಣ್ಣೆ ಕೆಳಗಿನ ಗೀಟಿಗೂ ಕೆಳಗೆ. ಅರ್ಧ ಡಬ್ಬಿ ಸುರಿದು, "ಸಂಜೆ ಹೊರಡೋ ಮುಂಚೆ ನೀನೂ ನೋಡು" ಎಂದು ಅಪ್ಪಣೆ ಮಾಡಿದರು.

ಆಫೀಸಿನ ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆ ಇತ್ತು, ನುಣುಪಾದ ಸಿಮೆಂಟಿನ ನೆಲ. ಸಂಜೆ ಐದೂವರೆಗೆ ಕಡ್ಡಿ ತೆಗೆದೆ. ಎಣ್ಣೆ ಮೇಲಿನ ಗೀಟಿಗಿಂತ ಎರಡು ಬೆರಳು ಮೇಲೆ. ಒರೆಸಿ ಮತ್ತೆ ಅದ್ದಿದೆ, ಅಷ್ಟೇ. ಇಡೀ ದಿನ ಕಾರು ಅಲ್ಲಿಂದ ಕದಲಿರಲಿಲ್ಲ, ಬಾನೆಟ್ಟನ್ನು ಯಾರೂ ಮುಟ್ಟಿರಲಿಲ್ಲ. ಇಂಜಿನ್ನೇ ಎಣ್ಣೆ ಹಿಂಡಿಕೊಂಡಿತಾ ಎಂದು ಅಪ್ಪ ಕೇಳಿದ್ದನ್ನು ನಾನೂ ಕೇಳಿಕೊಳ್ಳುತ್ತಾ ಬಗ್ಗಿದೆ, ಜೇಬಿನಿಂದ ಪೆನ್ನು ಜಾರಿ ಬಿತ್ತು. ಬಿದ್ದ ಜಾಗದಲ್ಲೇ ನಿಂತಿತು. ನಾನು ಅಭ್ಯಾಸಬಲದಿಂದ ಅದನ್ನು ಹಿಡಿಯಲು ಎರಡು ಹೆಜ್ಜೆ ಮುಂದೆ ಹೋಗಿಬಿಟ್ಟಿದ್ದೆ. ನಮ್ಮ ಪೋರ್ಟಿಕೋದಲ್ಲಾಗಿದ್ದರೆ ಅದು ಗೇಟಿನ ಹತ್ತಿರ ಸಿಗುತ್ತಿತ್ತು.

ಅಲ್ಲಿಂದ ಸೀದಾ ಹಲಸೂರಿಗೆ ಹೋದೆ. ನಾನು ಏನೂ ಹೇಳುವ ಮೊದಲೇ ಅಣ್ಣ ನನ್ನ ಮುಖ ನೋಡಿ, "ಗೊತ್ತಾಯ್ತಾ?" ಎಂದರು.

"ನಮ್ಮ ಪೋರ್ಟಿಕೋ ಇಳಿಜಾರು ಅಣ್ಣಾ."

"ಹ್ಞೂಂ. ಮೂತಿ ಮೇಲೆ ಮಾಡಿ ನಿಲ್ಲಿಸಿದ್ರೆ ಎಣ್ಣೆ ಎಲ್ಲ ಹಿಂದಕ್ಕೆ ಹೋಗುತ್ತೆ. ಕಡ್ಡಿ ಇರೋದು ಮುಂದೆ. ಅದಕ್ಕೆ ಕಮ್ಮಿ ಕಾಣುತ್ತೆ, ಸಾರ್ ಹಾಕ್ತಾರೆ. ಜಾಸ್ತಿ ಆದ ಎಣ್ಣೇನ ಇಂಜಿನ್ನು ಮಜ್ಜಿಗೆ ಕಡ್ದಂಗೆ ಕಡಿಯುತ್ತೆ. ಆ ನೊರೆ ಪೈಪಲ್ಲಿ ಮೇಲಕ್ಕೆ ಬಂದು ಏರ್ ಕ್ಲೀನರಲ್ಲಿ ಕೂತ್ಕೊಳ್ಳುತ್ತೆ. ಅಷ್ಟೇ ಅಮ್ಮ, ಬೇರೆ ರೋಗ ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಹೋದೆನಲ್ಲ. ನೀವೂ ಅಲ್ಲೇ ನಗ್ತಾ ಇದ್ರಿ."

ನನಗೆ ಎಲ್ಲಾದರೂ ಅಡಗಿಕೊಳ್ಳಬೇಕೆನ್ನಿಸಿತು. ಅಣ್ಣನಿಗೆ ಸಿಟ್ಟಿದ್ದಂತೆ ಕಾಣಲಿಲ್ಲ. ಎಣ್ಣೆಯನ್ನು ಸರಿಯಾದ ಮಟ್ಟಕ್ಕೆ ಇಳಿಸಿ, ಡ್ರಾಯರಿನಿಂದ ಲೋಹ ಉಜ್ಜುವ ಒಂದು ಸಣ್ಣ ಅರ ತೆಗೆದು ನನ್ನ ಕೈಗಿಟ್ಟರು. "ಸಾರ್‌ಗೆ ಹೇಳ್ಬೇಡಿ. ಆ ಮನುಷ್ಯಂಗೆ ಅಳತೆ ಒಂದೇ ಇರೋದು. ನಾಳೆ ಮನೇಲಿ ಕಡ್ಡಿ ತೆಗೀರಿ, ಎಣ್ಣೆ ಎಲ್ಲಿ ಕಾಣುತ್ತೋ ಅಲ್ಲಿ ಇದರಿಂದ ಹೊಸ ಗೀಟು ಹಾಕ್ಬಿಡಿ. ಆಮೇಲೆ ಅದಕ್ಕೆ ಸರಿಯಾಗಿ ನೋಡ್ಕೊಳ್ಲಿ."

"ಮತ್ತೆ ಪಟ್ಟೀಲಿರೋ ನಿಮ್ಮ ಹೆಸರು?"

ಅಣ್ಣ ಹೊರಗೆ ನಿಂತಿದ್ದ ಒಂದೇ ಒಂದು ಸ್ಕೂಟರಿನ ಕಡೆ ನೋಡಿದರು. "ಅದು ಹೋಯ್ತಲ್ಲಮ್ಮ. ಪೊಂಗಲ್ ಆದ್ಮೇಲೆ ಅಂಗಡಿ ಬಿಟ್ಬಿಟ್ಟು ಹೊಸೂರಿಗೆ, ಮಗಳ ಮನೆಗೆ ಹೋಗ್ತೀನಿ."

ನಾನು ಹೇಡಿ. ಶುಕ್ರವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಅಣ್ಣ ಹೇಳಿದಂತೆಯೇ ಗೀಟು ಹಾಕಿದೆ. ಅಂಗಡಿಯ ವಿಷಯ ಆಮೇಲೆ ನೋಡೋಣ, ಮೊದಲು ಅಪ್ಪನ ಮರ್ಯಾದೆ ಉಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಮೂವತ್ತು ವರ್ಷ ಕೂದಲೆಳೆ ಹುಡುಕಿದವರ ಮುಂದೆ ಅರದ ಗೀಟು ಎಷ್ಟು ಹೊತ್ತು ಬಚ್ಚಿಟ್ಟುಕೊಂಡೀತು? ಶನಿವಾರ ಅಪ್ಪ ಕಡ್ಡಿ ಒರೆಸಿದ್ದೇ ತಡ, ಬೀದಿಗೆ ಕೇಳುವಂತೆ ಕೂಗಿದರು. "ಕೈ ಅರದಲ್ಲಿ ಹಾಕಿದ್ದು! ರಾತ್ರೋರಾತ್ರಿ ಬಂದು ಅಳತೆ ಕಡ್ಡೀನೇ ತಿದ್ದಿದ್ದಾನೆ ಕಳ್ಳ!" ಅರ್ಧ ಗಂಟೆಯಲ್ಲಿ ಸಮಿತಿ ಸೇರಿತು. ಕುರ್ಚಿ ಬಂತು, ಇಟ್ಟಿಗೆ ಬಂತು, ಕಾಫಿ ಬಂತು. ಕಡ್ಡಿ ಬಿಳಿ ಬಟ್ಟೆಯ ಮೇಲೆ ಮಲಗಿ ಕೈಯಿಂದ ಕೈಗೆ ಹೋಯಿತು. ಪೊಲೀಸ್ ಸ್ಟೇಷನ್ನಿಗೆ ದೂರು ಕೊಡುವುದೆಂದು ತೀರ್ಮಾನವಾಗಿ, ಅಪ್ಪ ಬರೆಯಲು ಜೇಬಿನಿಂದ ಪೆನ್ನು ತೆಗೆದರು.

"ಗೀಟು ಹಾಕಿದ್ದು ನಾನು," ಎಂದೆ.

ನೆಲಮಾಳಿಗೆಯ ಕಥೆಯನ್ನೆಲ್ಲ ಹೇಳಿದೆ. ಅಪ್ಪ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಇಳಿಜಾರಾ? ನಮ್ಮ ಪೋರ್ಟಿಕೋನಾ? ಆರೇಳು ವರ್ಷದಿಂದ ಇಲ್ಲೇ ಓಡಾಡ್ತಾ ಇದ್ದೀನಿ, ನನಗೆ ಕಾಣದೇ ಇರೋ ಇಳಿಜಾರು ನಿನಗೆಲ್ಲಿ ಕಾಣ್ತು?"

ನಾನು ಅವರ ಕೈಯಿಂದ ಪೆನ್ನು ತೆಗೆದುಕೊಂಡು ನೆಲದ ಮೇಲಿಟ್ಟೆ. ಅದು ಪಟ್ಟಿಗೆ ಗೀಟು ಎಳೆಯುವ ಕೆಂಪು ಪೆನ್ನೇ. ಇಂಜಿನ್ ಶಾಪಿನವರ ಚಪ್ಪಲಿ ದಾಟಿ, ಎರಕದವರ ಇಟ್ಟಿಗೆಯ ಪಕ್ಕದಲ್ಲಿ ಹಾದು, ಆತುರವೇ ಇಲ್ಲದೆ ಉರುಳುತ್ತಾ ಹೋಗಿ ಗೇಟಿನ ಸರಳಿಗೆ ಬಡಿದು ನಿಂತಿತು. ನಾಲ್ವರೂ ಅದನ್ನು ನೋಡಿ, ಆಮೇಲೆ ತಮ್ಮ ತಮ್ಮ ಕುರ್ಚಿಯ ಕೆಳಗೆ ನೋಡಿಕೊಂಡರು.

ಅಪ್ಪ ಒಳಗೆ ಹೋಗಿ ರಸಮಟ್ಟ ತಂದರು. ಗಾರೆ ಕೆಲಸದವರು ನೆಲ ನೋಡಲು ಬಳಸುವ ಪಟ್ಟಿ ಅದು, ಅದರ ಗಾಜಿನ ಕೊಳವೆಯಲ್ಲಿ ಗುಳ್ಳೆ ನಡುಮಧ್ಯ ನಿಂತರೆ ನೆಲ ಸಮ. ನೆಲದ ಮೇಲಿಟ್ಟರು. ಗುಳ್ಳೆ ಮನೆ ಬಾಗಿಲಿನ ಕಡೆಯ ತುದಿಗೆ ಓಡಿಹೋಗಿ ಅಂಟಿಕೊಂಡಿತು. ತಿರುಗಿಸಿ ಇಟ್ಟರು, ಮತ್ತೆ ಬಾಗಿಲಿನ ಕಡೆಗೇ. ಒಂದು ಅಳತೆಯನ್ನು ನಂಬುವವರಲ್ಲ ಅಪ್ಪ. ಸಮಿತಿಯವರ ಕೈಯಲ್ಲಿ ಕಾರನ್ನು ಹಿಂದಕ್ಕೆ ಬಿಡಿಸಿ, ಎದುರಿನ ಖಾಲಿ ಸೈಟಿನ ಸಮ ಜಾಗಕ್ಕೆ ತಳ್ಳಿಸಿ, ರಸಮಟ್ಟ ಇಟ್ಟು ನೋಡಿ, ಅರ್ಧ ಗಂಟೆ ಬಿಸಿಲಲ್ಲಿ ನಿಂತು ಕಡ್ಡಿ ತೆಗೆದರು. ಎಣ್ಣೆ ಎರಡು ಗೀಟುಗಳ ಸರಿಯಾಗಿ ನಡುವೆ ಇತ್ತು, ಅಣ್ಣ ಇಳಿಸಿಕೊಟ್ಟಿದ್ದಷ್ಟೇ.

"ಬಾಣಲೆ ಅಂದಿದ್ದೆ," ಎಂದು ಕ್ಯಾಂಟೀನಿನವರು ಯಾರಿಗೂ ಅಲ್ಲದಂತೆ ಹೇಳಿದರು.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಹಾಗಾದ್ರೆ ಆ ಹುಡುಗ ನೆಟ್ಟಗೇ ನಿಂತಿದ್ದ" ಎಂದಳು.

ಅಪ್ಪ ಆ ದಿನ ಊಟ ಮಾಡಲಿಲ್ಲ. ಇಷ್ಟು ವರ್ಷ ಅವರ ತೀರ್ಪುಗಳಿಂದ ರೋಸಿಹೋಗಿದ್ದ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಸಂಜೆ ನನ್ನನ್ನು ಕರೆದು ಹೊಸ ಪಟ್ಟಿ ಹೇಳಿ ಬರೆಸಿದರು. ಅಣ್ಣನ ಹೆಸರು ಮೊದಲಿನ ಜಾಗದಲ್ಲಿ, ಗೀಟಿಲ್ಲದೆ. ಎಲ್ಲಕ್ಕಿಂತ ಕೆಳಗೆ ಒಂದು ಹೊಸ ಹೆಸರು, ತಮ್ಮದೇ. ಪಕ್ಕದಲ್ಲಿ, ‘ಕಾರಣ: ತಾನು ನಿಂತ ನೆಲವನ್ನು ಪರೀಕ್ಷಿಸದೆ ತೀರ್ಪು ಕೊಟ್ಟಿದ್ದು.’ ನಾನು ಬೇಡವೆಂದೆ. "ಹೇಳಿದಷ್ಟು ಟೈಪ್ ಮಾಡು" ಎಂದರು. ಸೋಮವಾರ ಪ್ರತಿ ತಂದುಕೊಟ್ಟಾಗ ಸ್ಕೇಲು ಇಟ್ಟು ತಮ್ಮ ಹೆಸರಿನ ಮೇಲೆ ತಾವೇ ಗೀಟೆಳೆದರು.

ಇಷ್ಟಾದ ಮೇಲೆ ಬಡಾವಣೆಯವರು ಸಾಲುಗಟ್ಟಿ ಹಲಸೂರಿಗೆ ಹೋಗುತ್ತಾರೆಂದು ಅಪ್ಪ ಎಣಿಸಿದ್ದರು. ಒಬ್ಬರೂ ಹೋಗಲಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದು ಪಟ್ಟಿ ಓದಿದವರೆಲ್ಲ, "ದೊಡ್ಡ ಮನಸ್ಸು ಇವರದು, ಕಳ್ಳನ್ನೂ ಕ್ಷಮಿಸ್ಬಿಟ್ರು" ಎಂದು ಹೊಗಳಿದರು. ಸ್ಕೂಟರುಗಳನ್ನು ಅಷ್ಟರಲ್ಲಿ ಬೇರೆ ಕಡೆ ರೂಢಿ ಮಾಡಿಕೊಂಡಿದ್ದರು. ತಮ್ಮ ಗೀಟನ್ನು ನಂಬಿದವರು ತಮ್ಮ ತಪ್ಪೊಪ್ಪಿಗೆಯನ್ನು ನಂಬುತ್ತಿಲ್ಲ ಎಂದು ತಿಳಿದಾಗ ಅಪ್ಪ ಮೊದಲ ಸಲ ಹೆದರಿದ್ದನ್ನು ನಾನು ಕಂಡೆ. ಅಣ್ಣ ಅಂಗಡಿ ಬಿಡುವುದಾಗಿ ಹೇಳಿದ್ದ ಸಂಕ್ರಾಂತಿಗೆ ಎರಡು ತಿಂಗಳೂ ಇರಲಿಲ್ಲ.

ಮುಂದಿನ ಶನಿವಾರ ಅಪ್ಪ ಕಾರ್ಖಾನೆಗೆ ಹೋಗುವಾಗಿನ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು, ಬೂಟು ಹಾಕಿ, ಕಾರಿನಲ್ಲಿ ಹಲಸೂರಿಗೆ ಹೋದರು. ಅಣ್ಣ ಗಾಬರಿಯಿಂದ ಎದ್ದು ನಿಂತರಂತೆ. ಅಪ್ಪ "ಆಯಿಲ್ ಚೆಕ್" ಎಂದಷ್ಟೇ ಹೇಳಿ, ಅಂಗಡಿಯ ಬೋರ್ಡಿನ ಕೆಳಗೆ, ಬಸ್ಸಿನವರಿಗೆ ಕಾಣುವಂತೆ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಾ ಮಧ್ಯಾಹ್ನದವರೆಗೆ ಕೂತರು. ಕಾರ್ಖಾನೆಯ ಬಸ್ಸು ಹೋದರೆ ಕೈಯೆತ್ತುತ್ತಿದ್ದರು. ಗುರುತಿನವರ ಸ್ಕೂಟರ್ ಕಂಡರೆ ಎದ್ದು ನಿಂತು ಕೂಗಿ ಕರೆಯುತ್ತಿದ್ದರು. ಮುಂದಿನ ವಾರವೂ ಹೋದರು, ಅದರ ಮುಂದಿನ ವಾರವೂ. ಕ್ಷಮೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿಲ್ಲ. ಡಿಸೆಂಬರಿನ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ನಾಲ್ಕು ಸ್ಕೂಟರು ಕಂಡವು. ಆಮೇಲೆ ಏಳೆಂಟು. ಸಂಕ್ರಾಂತಿ ಕಳೆದು ವಾರವಾದರೂ ಅಂಗಡಿಯ ಬಾಗಿಲು ತೆರೆದೇ ಇತ್ತು.

ಆ ವಾರ ನಾನೂ ಅಪ್ಪನ ಜೊತೆ ಹೋಗಿದ್ದೆ. ಅಣ್ಣ ಕಡ್ಡಿ ಹಿಡಿದು ಸಿದ್ಧರಾಗಿದ್ದರು. ಈಗ ಅಪ್ಪ ಮೊದಲು ನೆಲ ನೋಡದೆ ಯಾವ ಅಳತೆಯನ್ನೂ ತೆಗೆಯುತ್ತಿರಲಿಲ್ಲ. ಅಂಗಡಿಯನ್ನು ಹೊಸದಾಗಿ ಗುಡಿಸಿ ತೊಳೆದಿದ್ದರಿಂದ ಕಾರು ಆ ದಿನ ಬೇರೆ ಮೂಲೆಯಲ್ಲಿ ನಿಂತಿತ್ತು. ಅಪ್ಪ ಚೀಲದಿಂದ ರಸಮಟ್ಟ ತೆಗೆದು ಚಕ್ರದ ಪಕ್ಕ ಇಟ್ಟು ಬಗ್ಗಿದರು. ಅಣ್ಣ ಅಪ್ಪನ ಮುಖವನ್ನೇ ನೋಡುತ್ತಿದ್ದರು. ಅಪ್ಪ ಗಾಜನ್ನು ಹೆಬ್ಬೆರಳಿನಿಂದ ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ ರಸಮಟ್ಟವನ್ನು ಚೀಲಕ್ಕೆ ಹಾಕಿ ಎದ್ದು ನಿಂತು, "ನೆಲ ಸರಿಯಾಗಿದೆ. ನೀವು ಅಳೀರಿ" ಎಂದರು.

ನಾನು ಅವರ ಭುಜದ ಹಿಂದೆಯೇ ನಿಂತಿದ್ದೆ. ಗುಳ್ಳೆ ನಡುವಿನಿಂದ ಅರ್ಧ ಗೀಟು ಆಚೆಗಿತ್ತು.